ಸರ್, ನನ್ನ ಹತ್ರ ಗನ್ ಇದೆ

ಇವತ್ತು ರಾಜಕೀಯ ಇಲ್ಲ. ಒಂದು ಫೋನ್ ಕಾಲ್‌ನಿಂದ ಶುರು ಮಾಡ್ತೀನಿ.

ಹೋದ ವಾರ ಗೌರಿಬಿದನೂರು ತಾಲ್ಲೂಕಿನ ವೀಕ್ಷಕರೊಬ್ಬರು ನಮ್ಮ ಡೆಸ್ಕಿಗೆ ಫೋನ್ ಮಾಡಿದ್ದರು. ಮೆಕ್ಕೆಜೋಳ ಬೆಳೆಯುವ ರೈತರು, ಅರವತ್ತು ದಾಟಿದವರು. ಬೆಳೆ ಕಾಯೋದಕ್ಕೆ ಅಂತ ಮನೆಯಲ್ಲಿ ಒಂದು ತುಪಾಕಿ ಇಟ್ಟಿದ್ದಾರೆ. ಹೌದು, ನಮ್ಮ ಕಡೆ ಬಂದೂಕಿಗೆ ತುಪಾಕಿ ಅಂತಲೇ ಹೇಳೋದು. ಅವರ ಹೆಸರಿಗೆ ಲೈಸೆನ್ಸ್ ಇದೆ. ಅದರ ರಿನ್ಯೂವಲ್‌ಗೆ ಬಂದೂಕನ್ನು ಠಾಣೆಗೆ ತಂದು ತೋರಿಸಿ ಅಂತ ಹೇಳಿದ್ದಾರೆ. ಅವರು ಕೇಳಿದ ಪ್ರಶ್ನೆ ಇದು: "ಮಗನ ಬೈಕಲ್ಲಿ ತಗೊಂಡು ಹೋಗ್ತೀನಿ ಸಾರ್. ದಾರೀಲಿ ಪೊಲೀಸ್ರು ಕೈ ಅಡ್ಡ ಹಾಕಿದ್ರೆ ಮೊದ್ಲು ಏನ್ ಮಾಡ್ಬೇಕು? ಲೈಸೆನ್ಸ್ ತೋರಿಸ್ಬೇಕಾ, ತುಪಾಕಿ ತೋರಿಸ್ಬೇಕಾ, ಇಲ್ಲಾ ಸುಮ್ನೆ ಕೈ ಎತ್ತಿ ನಿಂತ್ಕೋಬೇಕಾ?"

ಡೆಸ್ಕಲ್ಲಿದ್ದ ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ನಗು ಬಂತು ಅಂತ ನನಗೆ ಬಂದು ಹೇಳಿದ. ನನಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳ್ತೀನಿ. ಹದಿಮೂರು ವರ್ಷ ಆಯ್ತು, ಈ ವಿಷಯವನ್ನು ಮನೆ ಹೊರಗೆ ನಾನು ಯಾರಿಗೂ ಹೇಳಿರಲಿಲ್ಲ.

ನಮ್ಮ ದೊಡ್ಡಪ್ಪ ಶಿಡ್ಲಘಟ್ಟದಲ್ಲಿ ರೀಲರ್. ರೇಷ್ಮೆಗೂಡು ಕೊಂಡು ನೂಲು ತೆಗೆಸೋ ಕೆಲಸ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಗೊತ್ತು. ಬೆಳಗ್ಗೆ ಹರಾಜು, ಅವತ್ತೇ ರೈತನಿಗೆ ದುಡ್ಡು. ಈಗ ಬಹುತೇಕ ಬ್ಯಾಂಕ್ ಖಾತೆಗೆ ಹೋಗುತ್ತೆ. ಆಗ ಎಲ್ಲಾ ನಗದು. ಲಕ್ಷಗಟ್ಟಲೆ ದುಡ್ಡನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಓಡಾಡಬೇಕಿತ್ತು. ಒಂದು ಸಲ ಅವರ ಪರಿಚಯದವರ ಮೇಲೆ ದಾರಿಯಲ್ಲಿ ದಾಳಿ ಆಯ್ತು. ಆಮೇಲೆ ದೊಡ್ಡಪ್ಪ ಅರ್ಜಿ ಹಾಕಿ, ಪೊಲೀಸ್ ವರದಿ ಎಲ್ಲ ಆಗಿ, ಕಾನೂನು ಪ್ರಕಾರ ಒಂದು .32 ರಿವಾಲ್ವರ್ ಲೈಸೆನ್ಸ್ ತಗೊಂಡರು. ಅದನ್ನು ಅವರು ಒಂದು ಸಲವೂ ಯಾರ ಕಡೆಗೂ ತಿರುಗಿಸಲಿಲ್ಲ. ಆಯುಧಪೂಜೆಗೆ ಕುಂಕುಮ ಇಟ್ಟಿದ್ದೇ ಅದು ಹೆಚ್ಚು ಕಂಡ ಬೆಳಕು.

ನಾನು ಆಗ ಇಂಜಿನಿಯರಿಂಗ್ ಕೊನೇ ವರ್ಷ. ಒಂದು ರಾತ್ರಿ ನೆಂಟರ ಮದುವೆ ಮುಗಿಸಿ, ಬರುವ ದಾರಿಯಲ್ಲಿ ಬಾಕಿ ದುಡ್ಡು ಇಸ್ಕೊಂಡು ಊರಿಗೆ ವಾಪಸ್ ಬರ್ತಾ ಇದ್ವಿ. ಕಾರು ಓಡಿಸ್ತಾ ಇದ್ದದ್ದು ನಾನು. ಪಕ್ಕದಲ್ಲಿ ದೊಡ್ಡಪ್ಪ, ಹಿಂದೆ ದೊಡ್ಡಮ್ಮ. ಯಾವ ರಸ್ತೆ, ಯಾವ ಠಾಣೆ ಅಂತ ಹೇಳಲ್ಲ, ಅದು ಮುಖ್ಯ ಅಲ್ಲ. ತಿರುವಲ್ಲಿ ಎರಡು ಬ್ಯಾರಿಕೇಡ್, ಒಂದು ಜೀಪ್, ಮೂರು ಜನ ಪೊಲೀಸರು. ಕಾನ್‌ಸ್ಟೆಬಲ್ ಒಬ್ಬರು ಬಂದು ಟಾರ್ಚ್ ಬಿಟ್ಟು ಕೇಳಿದರು: "ಗಾಡೀಲಿ ಏನಾದ್ರೂ ಇದೆಯಾ?"

ನಾನು ಹೇಳಿದೆ, "ಏನೂ ಇಲ್ಲ ಸರ್."

ಇದು ಸುಳ್ಳು ಹೇಳಬೇಕು ಅಂತ ಹೇಳಿದ ಮಾತಲ್ಲ. ನೀವೂ ಹೇಳಿರ್ತೀರಿ. ಪೊಲೀಸರು ನಿಲ್ಲಿಸಿದ ಕೂಡಲೇ ನಮ್ಮ ಬಾಯಿಂದ ತಾನಾಗೇ ಬರೋ ಮಾತು ಅದು. ಎಲ್ಲಿಂದ ಬರ್ತಿದ್ದೀಯ ಅಂದ್ರೆ "ಇಲ್ಲೇ ಸರ್", ಏನಿದೆ ಅಂದ್ರೆ "ಏನೂ ಇಲ್ಲ ಸರ್". ಅದೇ ಹೊತ್ತಿಗೆ ದೊಡ್ಡಪ್ಪ ಲೈಸೆನ್ಸ್ ತೆಗೆಯೋಣ ಅಂತ ಶರ್ಟ್ ಒಳಗಿನ ಜೇಬಿಗೆ ಕೈ ಹಾಕಿದರು. ಶರ್ಟ್ ಸ್ವಲ್ಪ ಮೇಲೆ ಹೋಯ್ತು. ಸೊಂಟದಲ್ಲಿದ್ದ ಚರ್ಮದ ಚೀಲದ ಮೇಲೆ ಟಾರ್ಚ್ ಬೆಳಕು ಬಿತ್ತು.

"ಗನ್! ಗನ್ ಇದೆ!" ಅಂತ ಕಾನ್‌ಸ್ಟೆಬಲ್ ಕೂಗಿ ಹಿಂದಕ್ಕೆ ಹಾರಿದರು. ಜೀಪಿನ ಹತ್ತಿರ ಇದ್ದ ಎಸ್‌ಐ, ನನಗಿಂತ ಮೂರ್ನಾಲ್ಕು ವರ್ಷಕ್ಕೆ ದೊಡ್ಡವರು ಇರಬೇಕು, ಪಿಸ್ತೂಲು ತೆಗೆದು ದೊಡ್ಡಪ್ಪನ ಕಡೆ ಹಿಡಿದರು. ಅವರ ಕೈ ನಡುಗ್ತಾ ಇದ್ದದ್ದು ನನಗೆ ಕಾಣ್ತಾ ಇತ್ತು. ದೊಡ್ಡಮ್ಮ ಹಿಂದಿನಿಂದ ತೆಲುಗಲ್ಲಿ ಕಿರುಚಿದರು. ದೊಡ್ಡಪ್ಪ ಕೈ ಹೊರಗೆ ತೆಗೀಬೇಕೋ ಒಳಗೇ ಇಡಬೇಕೋ ಗೊತ್ತಾಗದೆ ಹಾಗೇ ಕೂತರು. ಕೈ ತೆಗೆದರೆ ಅದರಲ್ಲಿ ಏನಿದೆಯೋ ಅಂತ ಅವರು ಹೆದರ್ತಾರೆ. ತೆಗೆಯದಿದ್ರೆ ಇನ್ನೂ ಹೆದರ್ತಾರೆ.

ಎಷ್ಟು ಹೊತ್ತು ಹಾಗೆ ಇದ್ದೆವೋ ಗೊತ್ತಿಲ್ಲ. ಹತ್ತು ಸೆಕೆಂಡ್ ಇರಬಹುದು. ಗುಂಡು ಹಾರಲಿಲ್ಲ. ಆಮೇಲೆ ದೊಡ್ಡಪ್ಪನನ್ನು ಕೆಳಗಿಳಿಸಿ, ಮಣ್ಣಲ್ಲಿ ಮಂಡಿ ಊರಿಸಿ, ರಿವಾಲ್ವರ್ ತಗೊಂಡರು. ಲೈಸೆನ್ಸ್ ನೋಡಿದ ಮೇಲೂ ಬೆಳಗಿನ ಜಾವದವರೆಗೆ ಠಾಣೆಯಲ್ಲಿ ಕೂರಿಸಿದರು. ರಿವಾಲ್ವರ್ ಇಟ್ಟುಕೊಂಡಿದ್ದಕ್ಕೆ ಒಂದು ಚೀಟಿಯನ್ನೂ ಕೊಡಲಿಲ್ಲ. ವಾಪಸ್ ಬರೋದಕ್ಕೆ ಹನ್ನೊಂದು ದಿನ ಆಯ್ತು. ಅದೂ ಯಾರೋ ದೊಡ್ಡವರಿಂದ ಫೋನ್ ಹೋದ ಮೇಲೆ.

ದೊಡ್ಡಪ್ಪ ಆ ರಿವಾಲ್ವರನ್ನು ಡೀಲರಿಗೆ ಒಪ್ಪಿಸಿ ಲೈಸೆನ್ಸ್ ಬಿಟ್ಟುಕೊಟ್ಟರು. ನನಗೆ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿದ್ದು. ಯಾಕಂದ್ರೆ ಆ ರಾತ್ರಿ ಆ ಕಾರಲ್ಲಿ ಕಾನೂನು ಪ್ರಕಾರ ಎಲ್ಲಾ ಸರಿಯಾಗಿತ್ತು. ತಪ್ಪಾಗಿದ್ದು ನನ್ನ "ಏನೂ ಇಲ್ಲ" ಅನ್ನೋ ಮಾತು. "ಏನೂ ಇಲ್ಲ" ಅಂತ ಕೇಳಿಸಿಕೊಂಡ ಪೊಲೀಸಪ್ಪನಿಗೆ ಮರುಕ್ಷಣ ಗನ್ ಕಂಡರೆ, ಅವನು ಏನು ಅಂದ್ಕೋಬೇಕು?

ಈಗ ಆ ರೈತರ ಪ್ರಶ್ನೆಗೆ ಬರ್ತೀನಿ. ಕಾನೂನು ಏನು ಹೇಳುತ್ತೆ?

ನಮ್ಮಲ್ಲಿರೋದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದಕ್ಕೆ ಮೊದಲು ಬ್ರಿಟಿಷ್ ಭಾರತದಲ್ಲಿ ಇದ್ದದ್ದು ವೈಸ್‌ರಾಯ್ ಲಿಟ್ಟನ್ ಕಾಲದ 1878ರ ಕಾಯ್ದೆ. ಭಾರತೀಯರ ಕೈಯಲ್ಲಿ ಆಯುಧ ಇರಬಾರದು ಅನ್ನೋ ಅಪನಂಬಿಕೆಯ ಮೇಲೆ ಕಟ್ಟಿದ ಕಾಯ್ದೆ ಅದು. ಅದಕ್ಕೇ 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿದ್ದರು. ಸಂವಿಧಾನ ಬರೆಯುವಾಗ ಅದು ಒಳಗೆ ಬರಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಗನ್ ಇಟ್ಟುಕೊಳ್ಳೋದು ಸಂವಿಧಾನದ ಹಕ್ಕು, ಇಲ್ಲಿ ಸರ್ಕಾರ ಕೊಡೋ ಅನುಮತಿ. ಕೊಡಗಿನವರಿಗೆ ಮಾತ್ರ ಬೇರೆ ಲೆಕ್ಕ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ನಮ್ಮ ಬಯಲುಸೀಮೆಯವರಿಗೆ ಆ ಭಾಗ್ಯ ಇಲ್ಲ. ಇಲ್ಲಿ ಲೈಸೆನ್ಸ್ ಇಲ್ಲದೆ ಗನ್ ಇಟ್ಟುಕೊಂಡರೆ, 2019ರ ತಿದ್ದುಪಡಿ ಆದ ಮೇಲೆ, ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು.

ಇನ್ನು ರಸ್ತೆ ವಿಷಯ. ಅಮೆರಿಕದಲ್ಲಿ ಪಿಸ್ತೂಲನ್ನು ಬಟ್ಟೆ ಒಳಗೆ ಮುಚ್ಚಿಟ್ಟುಕೊಂಡು ಓಡಾಡೋದಕ್ಕೆ ಎಷ್ಟೋ ರಾಜ್ಯಗಳು ಪ್ರತ್ಯೇಕ ಪರ್ಮಿಟ್ ಕೊಡ್ತವೆ. ನಮ್ಮಲ್ಲಿ ಉಲ್ಟಾ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ನೋಡಿ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯಬೇಕಾದ್ರೆ ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲೋ ಬೆನ್ನಚೀಲದಂಥ ಚೀಲದಲ್ಲೋ ಇರಬೇಕು. ಉದ್ದ ಬಂದೂಕಾದ್ರೆ ಅದಕ್ಕೆ ಅಂತಲೇ ಮಾಡಿದ ಕವರಿನಲ್ಲಿ. ಯಾವುದೇ ಆದರೂ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ಎತ್ತಿ ತೋರಿಸೋ ಹಾಗಿಲ್ಲ, ಝಳಪಿಸೋ ಹಾಗಿಲ್ಲ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಂದ್ರೆ ಲೈಸೆನ್ಸ್ ಇರೋ ಮನುಷ್ಯ ಗನ್ ಮುಚ್ಚಿಟ್ಟುಕೊಂಡಿದ್ದರೆ ಅವನು ಕಳ್ಳತನ ಮಾಡ್ತಿಲ್ಲ, ಕಾನೂನು ಪಾಲಿಸ್ತಿದ್ದಾನೆ.

ಇನ್ನೊಂದು ಕಡೆ, ಕಾಯ್ದೆಯ 19ನೇ ಸೆಕ್ಷನ್. ಆಯುಧ ಒಯ್ಯುತ್ತಿರುವ ಯಾರನ್ನೇ ಆಗಲಿ ಲೈಸೆನ್ಸ್ ತೋರಿಸಿ ಅಂತ ಪೊಲೀಸ್ ಅಧಿಕಾರಿ ಕೇಳಬಹುದು. ತೋರಿಸದೆ ಹೋದರೆ ಹೆಸರು ವಿಳಾಸ ಕೇಳಬಹುದು, ಅಗತ್ಯ ಅನ್ನಿಸಿದರೆ ಆಯುಧ ವಶಕ್ಕೆ ತಗೋಬಹುದು. ಹೆಸರು ವಿಳಾಸವನ್ನೂ ಕೊಡದಿದ್ದರೆ, ಕೊಟ್ಟಿದ್ದು ಸುಳ್ಳು ಅಂತ ಅನುಮಾನ ಬಂದರೆ, ಓಡಿಹೋಗ್ತಾನೆ ಅನ್ನಿಸಿದರೆ, ವಾರಂಟ್ ಇಲ್ಲದೆ ಬಂಧಿಸಬಹುದು. 20ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಲೈಸೆನ್ಸ್ ಇದ್ದರೂ ಸರಿ, ಆಯುಧ ಒಯ್ಯುವ ರೀತಿ, ಸಂದರ್ಭ ನೋಡಿ ನ್ಯಾಯವಾದ ಅನುಮಾನ ಬಂದರೆ ಬಂಧಿಸಬಹುದು.

ಇಲ್ಲಿ ಗಮನಿಸಿ. 19ನೇ ಸೆಕ್ಷನ್ನಿನ ಕ್ರಮ ಸ್ಪಷ್ಟವಾಗಿದೆ. ಮೊದಲು ಕಾಗದ. ಕಾಗದ ಇಲ್ಲದಿದ್ದರೆ ಹೆಸರು, ವಿಳಾಸ, ಆಯುಧದ ವಶ. ಅದೂ ಇಲ್ಲದಿದ್ದರೆ ಬಂಧನ. ನಮ್ಮ ದೊಡ್ಡಪ್ಪನ ವಿಷಯದಲ್ಲಿ ನಡೆದದ್ದು ಈ ಕ್ರಮದ ತಲೆಕೆಳಗು. ಮೊದಲು ಪಿಸ್ತೂಲು, ಆಮೇಲೆ ಮಂಡಿ ಊರಿಸೋದು, ಕೊನೆಗೆ ಕಾಗದ.

ಆದರೆ ಈ ಎರಡು ನಿಯಮಗಳ ಮಧ್ಯೆ ಒಂದು ಖಾಲಿ ಜಾಗ ಇದೆ. ಒಂದು ನಿಯಮ ನಾಗರಿಕನಿಗೆ ಮುಚ್ಚಿಟ್ಟುಕೋ ಅನ್ನುತ್ತೆ. ಇನ್ನೊಂದು ಪೊಲೀಸರಿಗೆ ಕೇಳಬಹುದು ಅನ್ನುತ್ತೆ. ಯಾರು ಮೊದಲು ಬಾಯಿ ಬಿಡಬೇಕು ಅಂತ ಎರಡೂ ಹೇಳಲ್ಲ. ಮುಚ್ಚಿಟ್ಟ ಗನ್ ಇದೆ ಅಂತ ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದೆ ಲೈಸೆನ್ಸ್ ಹೇಗೆ ಕೇಳಬೇಕು?

ನಾನು ಇಂಜಿನಿಯರಿಂಗ್ ಓದಿದ್ದು, ಮಾಡ್ತಿರೋದು ಈ ಕೆಲಸ. ಆದರೂ ಕಾಲೇಜಲ್ಲಿ ಕಲಿತ ಒಂದು ವಿಷಯ ಇಲ್ಲಿ ನೆನಪಾಗುತ್ತೆ. ಎರಡು ಕಂಪ್ಯೂಟರ್ ಮಾತಾಡೋದಕ್ಕೆ ಮೊದಲು ಒಂದಕ್ಕೊಂದು ಕೈ ಕುಲುಕಬೇಕು. ಹ್ಯಾಂಡ್‌ಶೇಕ್ ಅಂತಲೇ ಅದರ ಹೆಸರು. ಒಂದು ಹೇಳುತ್ತೆ, ನಾನಿದ್ದೀನಿ, ಮಾತಾಡಬಹುದಾ? ಇನ್ನೊಂದು ಹೇಳುತ್ತೆ, ಕೇಳಿಸ್ತು, ಮಾತಾಡು. ಮೊದಲನೆಯದು ಮತ್ತೆ ಹೇಳುತ್ತೆ, ಸರಿ, ಶುರು ಮಾಡ್ತೀನಿ. ಈ ಮೂರು ಮಾತು ಮುಗಿಯೋವರೆಗೆ ಒಂದು ಅಕ್ಷರ ಮಾಹಿತಿಯೂ ದಾಟಲ್ಲ. ಬುದ್ಧಿ ಇಲ್ಲದ ಯಂತ್ರಗಳಿಗೆ ನಾವು ಇಷ್ಟು ಶಿಸ್ತು ಕಲಿಸಿದ್ದೀವಿ. ಕತ್ತಲಲ್ಲಿ, ಇಬ್ಬರ ಹತ್ತಿರವೂ ಗನ್ ಇಟ್ಟುಕೊಂಡು ಎದುರಾಗೋ ಇಬ್ಬರು ಮನುಷ್ಯರಿಗೆ ಕಲಿಸಿಲ್ಲ.

ಕಲಿಸೋಕೆ ಆಗಲ್ಲ ಅಂತ ಅಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಕಡೆ ಹೊರಟರೆ ದೇವನಹಳ್ಳಿ ಸಿಗುತ್ತೆ, ವಿಮಾನ ನಿಲ್ದಾಣ ಸಿಗುತ್ತೆ. ಲೈಸೆನ್ಸ್ ಗನ್ ಇರೋ ಪ್ರಯಾಣಿಕ ಅಲ್ಲಿ ಏನು ಮಾಡಬೇಕು ಅನ್ನೋದಕ್ಕೆ ವ್ಯವಸ್ಥೆ ಇದೆ. ಅವನೇ ಮೊದಲು ಏರ್‌ಲೈನ್ ಕೌಂಟರಿನಲ್ಲಿ ಹೇಳಬೇಕು. ಲೈಸೆನ್ಸ್ ತೋರಿಸಬೇಕು. ಗುಂಡು ಖಾಲಿ ಮಾಡಿರಬೇಕು. ಕೈಚೀಲದಲ್ಲಿ ಇಡೋ ಹಾಗಿಲ್ಲ, ಲಗೇಜಿನಲ್ಲೇ ಹೋಗಬೇಕು. ಅಲ್ಲಿ ಯಾರೂ ಕೂಗಲ್ಲ, ಯಾರೂ ಮಣ್ಣಲ್ಲಿ ಮಂಡಿ ಊರಲ್ಲ. ಅದೇ ಮನುಷ್ಯ, ಅದೇ ಗನ್, ಅದೇ ಲೈಸೆನ್ಸ್. ಏರ್‌ಪೋರ್ಟ್ ಗೇಟಿಂದ ಹೊರಗೆ ಬಂದು ಹೆದ್ದಾರಿಗೆ ಇಳಿದ ಕೂಡಲೇ ಅವನ ಜೀವ ಒಬ್ಬ ಕಾನ್‌ಸ್ಟೆಬಲ್‌ನ ಟಾರ್ಚ್ ಬೆಳಕು ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ನಿಂತಿರುತ್ತೆ.

ಹಾಗಾದ್ರೆ "ಮೊದಲು ಹೇಳಿಬಿಡಿ" ಅಂದರೆ ಸಾಕಾ? ಸಾಲದು. ಅಮೆರಿಕದಲ್ಲಿರೋ ನಮ್ಮ ಕನ್ನಡದವರಿಗೆ ಈ ಹೆಸರು ನೆನಪಿರುತ್ತೆ. ಫಿಲ್ಯಾಂಡೋ ಕ್ಯಾಸ್ಟೀಲ್. ಮಿನ್ನೆಸೋಟ ರಾಜ್ಯದಲ್ಲಿ ಒಂದು ಶಾಲೆಯ ಊಟದ ಮನೆ ನೋಡಿಕೊಳ್ತಿದ್ದ ಕಪ್ಪು ಜನಾಂಗದ ಯುವಕ. 2016ರ ಜುಲೈ 6ರಂದು ಪೊಲೀಸರು ಅವನ ಕಾರು ನಿಲ್ಲಿಸಿದರು. ಅವನ ಹತ್ತಿರ ಪರ್ಮಿಟ್ ಇತ್ತು. ಯಾರೂ ಕೇಳುವ ಮೊದಲೇ, ಮರ್ಯಾದೆಯಿಂದ, ನನ್ನ ಹತ್ತಿರ ಬಂದೂಕು ಇದೆ ಅಂತ ಅವನೇ ಹೇಳಿದ. ಕೆಲವೇ ಸೆಕೆಂಡಿನಲ್ಲಿ ಆ ಅಧಿಕಾರಿ ಏಳು ಗುಂಡು ಹಾರಿಸಿದ. ಕಾರಿನಲ್ಲಿ ಅವನ ಗೆಳತಿ ಇದ್ದಳು, ಹಿಂದಿನ ಸೀಟಲ್ಲಿ ಅವಳ ನಾಲ್ಕು ವರ್ಷದ ಮಗಳು ಇದ್ದಳು. ಕ್ಯಾಸ್ಟೀಲ್ ಸತ್ತ. ಗನ್ ತೆಗೀತಿದ್ದಾನೆ ಅಂತ ಹೆದರಿದೆ ಅಂತ ಅಧಿಕಾರಿ ಹೇಳಿದ. ಮರುವರ್ಷ ಜ್ಯೂರಿ ಆ ಅಧಿಕಾರಿಯನ್ನು ಬಿಡುಗಡೆ ಮಾಡಿತು.

ಅಲ್ಲಿ ಮಿಷಿಗನ್‌ನಂಥ ಕೆಲವು ರಾಜ್ಯಗಳಲ್ಲಿ, ಪೊಲೀಸರು ನಿಲ್ಲಿಸಿದ ಕೂಡಲೇ ಗನ್ ಇದೆ ಅಂತ ಹೇಳಲೇಬೇಕು ಅನ್ನೋ ಕಾನೂನಿದೆ. ಬೇರೆ ಕೆಲವು ಕಡೆ ಕೇಳಿದರೆ ಹೇಳಿದರೆ ಸಾಕು. ಆದರೆ ಕ್ಯಾಸ್ಟೀಲ್ ಸಾವು ಹೇಳೋದು ಏನಂದ್ರೆ, ನಾಗರಿಕ ಮೊದಲು ಮಾತಾಡಿದರೆ ಅರ್ಧ ಕೆಲಸ ಮಾತ್ರ ಮುಗೀತು. ಆ ಮಾತು ಕೇಳಿಸಿಕೊಂಡ ಪೊಲೀಸ್ ಏನು ಮಾಡಬೇಕು ಅನ್ನೋದು ಇನ್ನರ್ಧ. ಕೈ ಕುಲುಕೋದಕ್ಕೆ ಎರಡು ಕೈ ಬೇಕು.

ನಾನು ಪೊಲೀಸರನ್ನು ಬೈಯೋಕೆ ಕೂತಿಲ್ಲ. ರಾತ್ರಿ ರಸ್ತೆಯಲ್ಲಿ ನಿಲ್ಲೋರ ಕಷ್ಟ ನಮಗೆ ಗೊತ್ತಿರಲಿ. 2015ರ ಅಕ್ಟೋಬರ್‌ನಲ್ಲಿ, ನಮ್ಮ ಪಕ್ಕದ ದೊಡ್ಡಬಳ್ಳಾಪುರದ ಎಸ್‌ಐ ಜಗದೀಶ್ ವಾಹನ ಕಳ್ಳರನ್ನು ಹಿಡಿಯೋಕೆ ಹೋಗಿ ನೆಲಮಂಗಲದಲ್ಲಿ ಇರಿತಕ್ಕೆ ಬಲಿಯಾದರು. ಅಂಥ ಸುದ್ದಿ ಓದಿ ಡ್ಯೂಟಿಗೆ ಬರೋ ಹುಡುಗನ ಕೈ ನಡುಗಿದರೆ ಅದು ಅವನ ತಪ್ಪಲ್ಲ. ನಮ್ಮದು ಆಂಧ್ರದ ಗಡಿ ಜಿಲ್ಲೆ. ಬಾಗೇಪಲ್ಲಿ ಕಡೆಯಿಂದ ಹೆದ್ದಾರಿಯಲ್ಲಿ ಏನು ಬರುತ್ತೋ ಯಾರಿಗೆ ಗೊತ್ತು? 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟ ಆಗಿ ಆರು ಜನ ಸತ್ತರಲ್ಲ, ಆ ಮೇಲೆ ಗಾಡಿಗಳ ಒಳಗೆ ಇಣುಕಿ ನೋಡೋದು ತಪ್ಪು ಅಂತ ಯಾರು ಹೇಳ್ತಾರೆ? ತಪಾಸಣೆ ಬೇಕು. ಬಿಗಿಯಾಗೇ ಬೇಕು.

ಆದರೆ ತಪಾಸಣೆಯ ಉದ್ದೇಶ ಯಾರನ್ನು ಹಿಡಿಯೋದು? 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿ ಅವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದದ್ದು ನಾಡ ಪಿಸ್ತೂಲಿನಿಂದ. ಅಂಥ ಪಿಸ್ತೂಲಿಗೆ ನಂಬರ್ ಇಲ್ಲ, ಲೈಸೆನ್ಸ್ ಇಲ್ಲ. ಲೈಸೆನ್ಸ್ ಇರೋನ ಹೆಸರು, ವಿಳಾಸ, ಗನ್ನಿನ ನಂಬರ್ ಎಲ್ಲಾ ಸರ್ಕಾರದ ಹತ್ತಿರ ಇದೆ. ಪ್ರತಿ ಲೈಸೆನ್ಸ್‌ದಾರನಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಕೊಟ್ಟು ರಾಷ್ಟ್ರೀಯ ಡೇಟಾಬೇಸಿನಲ್ಲಿ ಹಾಕಿದ್ದಾರೆ. ಪೊಲೀಸರೇ ಅವನ ಪೂರ್ವಾಪರ ವಿಚಾರಿಸಿ ವರದಿ ಕೊಟ್ಟಿದ್ದಾರೆ. ಒಂದು ಠಾಣೆ ಇವನು ಒಳ್ಳೆಯವನು ಅಂತ ಬರೆದುಕೊಟ್ಟ ಮನುಷ್ಯನನ್ನು ಇನ್ನೊಂದು ಠಾಣೆ ಮಣ್ಣಲ್ಲಿ ಕೂರಿಸಿದರೆ, ಅವಮಾನ ಆಗೋದು ಆ ಮನುಷ್ಯನಿಗೆ ಮಾತ್ರ ಅಲ್ಲ, ಆ ಪೊಲೀಸ್ ವರದಿಗೂ.

ಇನ್ನೊಂದು ಮಾತು, ಸ್ವಲ್ಪ ಕಹಿ. ಬಿಳಿ ಕಾರಿನಲ್ಲಿ ಮುಂದೆ ಗನ್‌ಮ್ಯಾನ್ ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗೋರನ್ನು ನಿಲ್ಲಿಸಿದರೂ ಸಲ್ಯೂಟ್ ಸಿಗುತ್ತೆ. ಟವೆಲ್ ಹೊದ್ದುಕೊಂಡು ಮಗನ ಬೈಕಿನ ಹಿಂದೆ ಕೂತ ರೈತನಿಗೆ ಏಕವಚನ ಸಿಗುತ್ತೆ. ಕಾಯ್ದೆ ಹಾಗೆ ಹೇಳಲ್ಲ. 1959ರ ಕಾಯ್ದೆಯ 13ನೇ ಸೆಕ್ಷನ್ನಲ್ಲಿ, ಬೆಳೆ ರಕ್ಷಣೆಗೆ ನಿಜವಾಗಿ ಬೇಕಾದ ಮದ್ದು ತುಂಬೋ ಬಂದೂಕಿನ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಅಂದ್ರೆ ರೈತನ ತುಪಾಕಿ ಕಾನೂನಿನ ಕಣ್ಣಲ್ಲಿ ಮರ್ಯಾದೆ ಇರೋ ವಸ್ತು. ಹಾಗಂತ ಅದು ಬೇಟೆಗೆ ಪರವಾನಗಿ ಅಲ್ಲ. ಗನ್ ಲೈಸೆನ್ಸ್ ಇದೆ ಅಂತ ಜಿಂಕೆ, ನವಿಲು ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಬಿಡಲ್ಲ.

ಚುನಾವಣೆ ಬಂದಾಗ ಇದು ಇನ್ನೂ ವಿಚಿತ್ರ ಆಗುತ್ತೆ. 2024ರ ಲೋಕಸಭಾ ಚುನಾವಣೆ ನೆನಪು ಮಾಡಿಕೊಳ್ಳಿ. ಮಾರ್ಚ್ 16ಕ್ಕೆ ನೀತಿಸಂಹಿತೆ ಜಾರಿ. ಚಿಕ್ಕಬಳ್ಳಾಪುರದಲ್ಲಿ ಏಪ್ರಿಲ್ 26ಕ್ಕೆ ಮತದಾನ. ಜೂನ್ 4ಕ್ಕೆ ಎಣಿಕೆ. ಇಂಥ ಹೊತ್ತಲ್ಲಿ ಲೈಸೆನ್ಸ್ ಗನ್ ಠಾಣೆಗೆ ತಂದಿಡಿ ಅನ್ನೋ ಆದೇಶ ಬರುತ್ತೆ. ಎಲ್ಲರ ಗನ್ನನ್ನೂ ಕಣ್ಣುಮುಚ್ಚಿ ತರಿಸಬೇಡಿ, ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ನಿರ್ಧರಿಸಲಿ ಅಂತ ಚುನಾವಣಾ ಆಯೋಗದ ಮಾರ್ಗಸೂಚಿ ಇದೆ. ಸಾರಾಸಗಟು ಆದೇಶ ಸರಿಯಲ್ಲ ಅಂತ ಅಲಹಾಬಾದ್ ಹೈಕೋರ್ಟ್ 2024ರಲ್ಲೂ ಹೇಳಿತು. ಅದು ಹಾಗಿರಲಿ. ನನ್ನ ಪ್ರಶ್ನೆ ಬೇರೆ. ರಸ್ತೆ ರಸ್ತೆಗೂ ಚೆಕ್‌ಪೋಸ್ಟ್ ಹಾಕಿರೋ ದಿನಗಳಲ್ಲೇ, ಸರ್ಕಾರದ ಆದೇಶದ ಪ್ರಕಾರವೇ, ರೈತ ಗನ್ ಹಿಡಿದು ರಸ್ತೆಗೆ ಇಳೀಬೇಕು. ಆ ಚೆಕ್‌ಪೋಸ್ಟ್‌ನಲ್ಲಿ ಅವನು ಏನು ಹೇಳಬೇಕು ಅಂತ ಆ ಆದೇಶದಲ್ಲಿ ಒಂದು ಸಾಲು ಬರೆದರೆ ಏನು ನಷ್ಟ?

ಆ ಸಾಲು ಬರೋವರೆಗೆ, ಗೌರಿಬಿದನೂರಿನ ಆ ಹಿರಿಯರಿಗೆ, ಅವರ ಹಾಗೆ ಇರೋ ಎಲ್ಲರಿಗೂ ನಾನು ತಿಳಿದುಕೊಂಡಿದ್ದನ್ನು ಹೇಳ್ತೀನಿ.

ಮನೆಯಿಂದ ಹೊರಡೋ ಮೊದಲೇ ಗನ್ ಖಾಲಿ ಮಾಡಿ. ಗುಂಡು, ಮದ್ದು ಬೇರೆ ಚೀಲದಲ್ಲಿರಲಿ. ಬಂದೂಕಿಗೆ ಸರಿಯಾದ ಕವರ್ ಹಾಕಿ, ಗೋಣಿಚೀಲದಲ್ಲಿ ಸುತ್ತಬೇಡಿ. ಲೈಸೆನ್ಸ್ ಪುಸ್ತಕದ ಮೂಲಪ್ರತಿ ಜೊತೆಗಿರಲಿ, ಬರೀ ಜೆರಾಕ್ಸ್ ಸಾಲದು. ಅದನ್ನು ಗನ್ ಇರೋ ಕಡೆ ಇಡಬೇಡಿ. ನಮ್ಮ ದೊಡ್ಡಪ್ಪ ಮಾಡಿದ ತಪ್ಪು ಅದೇ, ಎರಡೂ ಒಂದೇ ಕಡೆ ಇತ್ತು. ಲೈಸೆನ್ಸಿನಲ್ಲಿ ಅದು ಎಲ್ಲೆಲ್ಲಿ ಊರ್ಜಿತ ಅಂತ ಬರೆದಿರುತ್ತೆ, ಓದಿಕೊಳ್ಳಿ. ಗೌರಿಬಿದನೂರಿನಿಂದ ಹಿಂದೂಪುರಕ್ಕೆ, ಚಿಂತಾಮಣಿಯಿಂದ ಮದನಪಲ್ಲಿಗೆ ನಾವು ಪಕ್ಕದ ಬೀದಿಗೆ ಹೋದ ಹಾಗೆ ಹೋಗಿಬರ್ತೀವಿ. ಟೊಮೆಟೊಗೆ ಗಡಿ ಇಲ್ಲ. ಗನ್ನಿಗೆ ಇದೆ. ಕರ್ನಾಟಕಕ್ಕೆ ಮಾತ್ರ ಅಂತ ಬರೆದಿದ್ದರೆ ಗಡಿ ಆಚೆ ಅದು ಅಪರಾಧ.

ಪೊಲೀಸರು ನಿಲ್ಲಿಸಿದರು ಅಂತ ಇಟ್ಕೊಳ್ಳಿ. ಗಾಡಿ ಆಫ್ ಮಾಡಿ. ಕಾರಾದ್ರೆ ಒಳಗಿನ ಲೈಟ್ ಹಾಕಿ. ಎರಡೂ ಕೈ ಅವರಿಗೆ ಕಾಣೋ ಹಾಗೆ ಸ್ಟೀರಿಂಗ್ ಮೇಲೋ, ಹ್ಯಾಂಡಲ್ ಮೇಲೋ, ತೊಡೆ ಮೇಲೋ ಇಡಿ. ಅವರು ಕೇಳೋ ಮೊದಲೇ, ಏನನ್ನೂ ಮುಟ್ಟದೆ, ನಿಧಾನವಾಗಿ ಹೇಳಿ: "ಸರ್, ನಾನು ಲೈಸೆನ್ಸ್‌ದಾರ. ಗನ್ ಇಂಥ ಕಡೆ ಇದೆ, ಖಾಲಿ ಇದೆ. ಲೈಸೆನ್ಸ್ ಇಂಥ ಜೇಬಲ್ಲಿದೆ. ತೆಗೀಲಾ?" ಅವರು ತೆಗೀರಿ ಅನ್ನೋವರೆಗೆ ಕೈ ಆಡಿಸಬೇಡಿ. ಮೊದಲು ಮಾತು, ಆಮೇಲೆ ಕಾಗದ, ಕೊನೆಗೆ ಗನ್. ಗನ್ನನ್ನು ನೀವಾಗಿ ಎತ್ತಿ ಕೊಡೋಕೆ ಹೋಗಬೇಡಿ. ಕಾರಲ್ಲಿ ಬೇರೆಯವರಿದ್ದರೆ ಹೊರಡೋ ಮೊದಲೇ ಅವರಿಗೂ ಹೇಳಿಟ್ಟಿರಿ. ಯಾಕಂದ್ರೆ "ಏನೂ ಇಲ್ಲ ಸರ್" ಅನ್ನೋ ಮಾತು ನಿಮ್ಮ ಬಾಯಿಂದ ಬರಲ್ಲ, ಓಡಿಸ್ತಿರೋ ಹುಡುಗನ ಬಾಯಿಂದ ಬರುತ್ತೆ.

ಇನ್ನು ಪೊಲೀಸ್ ಇಲಾಖೆಗೆ. ಇದು ಕಾನೂನು ಅಲ್ಲ, ನನ್ನ ವಿನಂತಿ. "ಗಾಡೀಲಿ ಏನಾದ್ರೂ ಇದೆಯಾ" ಅಂತ ಕೇಳಬೇಡಿ. "ಆಯುಧ ಇದೆಯಾ, ಇದ್ದರೆ ಮುಟ್ಟದೆ ಹೇಳಿ" ಅಂತ ಕೇಳಿ. ಇದೆ ಅಂತ ಯಾರಾದ್ರೂ ಹೇಳಿದರೆ, ಅದನ್ನು ಬೆದರಿಕೆ ಅಂತ ತಗೋಬೇಡಿ. ಕೊಲ್ಲೋಕೆ ಬಂದವನು ಮುಂಚೆ ಹೇಳಿ ಕೊಲ್ಲಲ್ಲ. ಒಬ್ಬರೇ ಮಾತಾಡಿ. ಒಬ್ಬರು ಕೈ ಎತ್ತು, ಇನ್ನೊಬ್ಬರು ಕಾಗದ ತೆಗಿ ಅಂದರೆ ಅವನು ಯಾರ ಮಾತು ಕೇಳಬೇಕು? ಗನ್ ವಶಕ್ಕೆ ತಗೊಂಡರೆ ನಂಬರ್, ಸಮಯ, ಕಾರಣ ಬರೆದು ಅಲ್ಲೇ ಚೀಟಿ ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್, ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಿ ಅನ್ನುತ್ತೆ, ಮೊಬೈಲಲ್ಲಾದ್ರೂ ಸರಿ ಅನ್ನುತ್ತೆ. ಅದು ನಾಗರಿಕನಿಗೂ ರಕ್ಷಣೆ, ನಿಮಗೂ ರಕ್ಷಣೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿಯ ಸ್ಮಾರಕ ನೋಡಿರ್ತೀರಿ. 1938ರ ಏಪ್ರಿಲ್ 25. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಬರಿಗೈ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಗೆ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಆ ಕಾಲ ಬೇರೆ, ಕಾರಣ ಬೇರೆ. ಒಂದು ರಸ್ತೆ ತಪಾಸಣೆಯನ್ನು ಅದಕ್ಕೆ ಹೋಲಿಸೋದು ಸರಿಯಲ್ಲ, ನಾನು ಹೋಲಿಸ್ತಿಲ್ಲ. ಆದರೆ ಖಾಕಿ ಕಂಡರೆ "ಏನೂ ಇಲ್ಲ ಸರ್" ಅಂತ ನಾಲಗೆ ತಾನಾಗೇ ಹೇಳುತ್ತಲ್ಲ, ಆ ಭಯ ನಿನ್ನೆ ಹುಟ್ಟಿದ್ದಲ್ಲ. ನಮ್ಮ ಅಜ್ಜಂದಿರಿಂದ ಬಂದದ್ದು. ಅದನ್ನು ಕಳೆಯೋದಕ್ಕೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಕೆಲಸ ಮಾಡಬೇಕು.

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಈ ಫೋನ್ ಕಾಲ್ ವಿಷಯ ಹೇಳಿದೆ. ಅವರಿಗೀಗ ಎಪ್ಪತ್ತರ ಮೇಲೆ. ಆ ರಾತ್ರಿ ನಾನು "ಏನೂ ಇಲ್ಲ" ಅಂದದ್ದಕ್ಕೆ ಕ್ಷಮೆ ಕೇಳಿದೆ. ಹದಿಮೂರು ವರ್ಷ ತಡ ಆಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಿಂದೇನೂ ತಪ್ಪಿಲ್ಲ ಮಗಾ. ಆ ಹುಡುಗ ಎಸ್‌ಐ ಇದ್ನಲ್ಲ, ಅವನ ಕೈ ನಡುಗ್ತಿತ್ತು. ಅವನಿಗೂ ಯಾರೂ ಹೇಳ್ಕೊಟ್ಟಿರಲಿಲ್ಲ."

ಗೌರಿಬಿದನೂರಿನ ಹಿರಿಯರಿಗೆ ನಮ್ಮ ಡೆಸ್ಕಿನಿಂದ ವಾಪಸ್ ಫೋನ್ ಮಾಡಿ, ಈಗ ನಿಮಗೆ ಹೇಳಿದ್ದನ್ನೆಲ್ಲ ಹೇಳಿದ್ದೀವಿ. ನಾಳಿದ್ದು ಅವರು ಠಾಣೆಗೆ ಹೋಗ್ತಿದ್ದಾರೆ. ಗೌರಿಬಿದನೂರು ರಸ್ತೆಯಲ್ಲಿ ನಾಳಿದ್ದು ಡ್ಯೂಟಿಯಲ್ಲಿರೋ ಪೊಲೀಸ್ ಸ್ನೇಹಿತರು ಯಾರಾದ್ರೂ ಇದನ್ನು ನೋಡ್ತಿದ್ದರೆ, ಮಗನ ಬೈಕಿನ ಹಿಂದೆ ಕೂತ ಒಬ್ಬ ಅಜ್ಜ "ಸರ್, ನನ್ನ ಹತ್ರ ಗನ್ ಇದೆ" ಅಂದರೆ, ದಯವಿಟ್ಟು ಮೊದಲು ಅವರ ಲೈಸೆನ್ಸ್ ಕೇಳಿ.